ಅರ್ಧ ಸರಿಸ್ರಿ

ಆರನೇ ಇಯತ್ತೆ ಹುಡುಗರು ಮನಿ ಮನಿ ತಿರುಗಿ
ಕೂಡಿಸಿ ತಂದ ಒಗಟು ನೂರಾ ಹನ್ನೊಂದು.
ಎಂಟು ಹಾಳಿ, ಮೂವತ್ತೆರಡು ಪುಟ,
ನಡುವ ಮಡಚಿ ಎರಡು ಪಿನ್ನು.
ಇಷ್ಟೇ ಪುಸ್ತಕ.
ಇಷ್ಟಕ್ಕ ಮೂರು ರಾತ್ರಿ ನಿದ್ದಿಗೆಟ್ಟೀನಿ ನಾನು.

ಕಲಬುರಗಿಯಿಂದ ಬಸ್ಸಿನಾಗ
ತೊಡಿ ಮ್ಯಾಲ ಕೂಸಿನಂಗ ತಂದ ಹಳೇ ಪ್ರಿಂಟರು
ಆಳಂದದ ನಮ್ಮ ಅಡಗಿ ಮನಿಯಾಗ
ಜ್ವಾಳದ ಹಿಟ್ಟಿನ ಡಬ್ಬಿ ಬಾಜೂಕ ಕುಂತದ.
ಮೊದಲ ಮಗ್ಗುಲ ಕೇಳಿದಂಗ ಬರೀತದ.
ಹಾಳಿ ಹೊಳ್ಳಿಸಿ ಕೊಟ್ಟರ
ಅಕ್ಷರ ಎಲ್ಲ ಮಡಿಕಿಯೊಳಗ ಹೋಗಿ ಬೀಳ್ತಾವ,
ಹೊರಗಿನ ಕಡೀಗಿ ಬಯಲೋ ಬಯಲು.

'ಬಾಜೂ ಹೊಲದವ ಬದು ಒತ್ಯಾನ ನೋಡ್ರಿ'
ಅಂದ ಹಾಳಿ ಕೊಡೋ ಧೂಳಪ್ಪ.
ನಕ್ಕ.
ನನಗ ನಗಿ ಬರಲಿಲ್ಲ.

ಎಡಕ್ಕ ಸರಿಸಿದೆ, ಬಲಕ್ಕ ಸರಿಸಿದೆ,
ಹದಿನೈದು ಮಿಲಿಮೀಟರು, ಹನ್ನೆರಡು, ಒಂಬತ್ತು.
ಇದು ಕುಂತಿತು ಅನ್ನೋದ್ರಾಗ ಅದು ಎದ್ದಿತು.
ಕರೆಂಟ್ ಹೋಯ್ತು. ಬಂತು.
ಮತ್ತ ಹೋಯ್ತು.

ಮರುದಿನ ಜಂಪರ್ ತರಲಿಕ್ಕ ಹೋದಾಗ
ಮಹಮೂದಾ ಆಪಾನ ಕೈಯಾಗ ಹಾಳಿ ಕೊಟ್ಟೆ.
ಆಕಿಗಿ ಕನ್ನಡ ಓದಲಿಕ್ಕ ಬರಲ್ಲ.
ಅದಕ್ಕೇ ಇರಬೇಕು,
ಏನು ಬರದದ ಅಂತ ನೋಡಲಿಲ್ಲ,
ಎಲ್ಲಿ ನಿಂತದ ಅಂತ ನೋಡಿದಳು.
ಕಿಡಕಿ ಬೆಳಕಿಗಿ ಹಿಡಿದಳು.
ಎರಡೂ ಮಗ್ಗುಲ ಒಂದರ ಹಿಂದ ಒಂದು ಮೂಡಿದವು,
ಒಬ್ಬರಿಗೊಬ್ಬರು ಮಾತು ಬಿಟ್ಟ ನೆಗೆಣ್ಣಿಯರಂಗ
ಸ್ವಲ್ಪ ಆಚಿ, ಸ್ವಲ್ಪ ಈಚಿ.
ಕೊರಳಾಗಿನ ಟೇಪು ಹಚ್ಚಿ ಅಂದಳು: 'ಆರು.'

ಆರು ಸರಿಸಲಾ?

'ಅರೇ, ಆರು ಯಾಕ? ಮೂರು.
ಅಂಗಿ ಕಿಸೆ ಒಂದು ಕಡೀ ಜರಗಿದ್ರ
ಹೊಳ್ಳಿಸಿ ನೋಡಿದಾಗ ಇನ್ನೊಂದು ಕಡೀ ಜರಗಿದಂಗ ಕಾಣಲ್ಲೇನು?
ತಪ್ಪು ಒಂದೇ, ಟೀಚರ್.
ಬೆಳಕಿಗಿ ಹಿಡಿದ್ರ ದುಪ್ಪಟ್ಟು ಕಾಣ್ತದ.
ಅರ್ಧ ಸರಿಸ್ರಿ.'

ಮೂರು ಸರಿಸಿದೆ.
ಸಾಲಿನ ಬೆನ್ನಿಗಿ ಸಾಲು ಬಂದು ನಿಂತಿತು.
ಒಬ್ಬಾಕಿನೇ ಅಡಗಿ ಮನಿಯಾಗ ಚಪ್ಪಾಳಿ ಹೊಡದೆ.

ಶಹಾಬಾದ್ ಫರ್ಸಿ ಮ್ಯಾಲ ಕುಂತು
ಚಮಚದ ಬೆನ್ನಿಲೆ ಮಡಿಕಿ ತಿಕ್ಕಿ
ಒಂದರೊಳಗೊಂದು ಇಟ್ಟರ
ನಡುವಿನ ಹಾಳಿ ಮೂತಿ ಹೊರಗ ಚಾಚಿತು,
ತುಂಬಿದ ಜೀಪಿನ ಹಿಂದ ಜೋತ ಹುಡುಗನಂಗ.
ಬ್ಲೇಡಿಲೆ ಸಮ ಮಾಡಿದೆ. ಹದಿನಾಲ್ಕು ಪ್ರತಿ ಮುಗಿದ ಮ್ಯಾಲ
ತೆಗೆದು ನೋಡ್ತೀನಿ, ಹದಿನೇಳನೇ ಪುಟದಾಗ
ಅಂಚಿಗಿ ಅಡ್ಡಡ್ಡ ಸಣ್ಣಗ ಹಾಕಿದ ಉತ್ತರ
ಬ್ಲೇಡಿನ ಪಾಲಾಗ್ಯದ.

'ಒಳಗಿನ ಮಡಿಕಿ ಯಾವಾಗಲೂ ಹೊರಗ ಬರ್ತದ,'
ಆಪಾ ಸೂಜಿಗಿ ದಾರ ಪೋಣಿಸ್ತಾ ಅಂದಳು,
'ನಡುವಿನ ಹಾಳಿ ಅಕ್ಷರ ಬೆನ್ನಿಗಿ ಒಂದೀಟು ಜಗ್ಗ್ರಿ.
ಸೀರಿ ನಿರಿಗಿ ಹಿಡಿಯೋರಿಗಿ ಇದೂ ಹೇಳಬೇಕೇನು?'

ಚಂದ ಬಂದ ಇಪ್ಪತ್ತಾರು ಹಂಚಿದೆ.
ಕೆಟ್ಟ ಹದಿನಾಲ್ಕು ಶಾಲಿ ಅಲಮಾರಿ ಕೆಳಗ ದೂಡಿದೆ.
ಚೆಂಡು ಹುಡುಕಲಿಕ್ಕ ಬಗ್ಗಿದ ಅಂಬಾರಾಯ
ಒಂದು ಹಿಡಕೊಂಡೇ ಎದ್ದ.
'ನನಗ ಇದೇ ಇರ್ಲಿ ಟೀಚರ್.'
ಅದರಾಗ ಉತ್ತರ ಇಲ್ಲೋ.
'ಇಲ್ಲ ಅಂತೇ ಕೇಳ್ಲತ್ತೀನ್ರಿ.'

ಜಗದೇವಿ ಅವರಜ್ಜಿಯಿಂದ ತಂದ ಒಗಟು ಅದು:
ತಣ್ಣಗ ಹೋಗ್ತದ, ಬಿಸಿಯಾಗಿ ಬರ್ತದ,
ಹೊಳ್ಳಿಸಿ ಹಾಕಿದರ ಆ ಮಗ್ಗುಲೂ ಕರೀ ಚುಕ್ಕಿ.

ಬ್ಲೇಡು ತಿಂದಿದ್ದು ರೊಟ್ಟಿ.
ಮಡಿಕಿ ಕಡೀಗಿ ಉಳಿದ ಬಿಳೀ ಜಾಗದಾಗ
ಅಂಬಾರಾಯ ಪೆನ್ಸಿಲ್ಲಿಲೆ ಬರದಾನ,
ಸೊಟ್ಟಗ, ಮ್ಯಾಲಿಂದ ಕೆಳಗ ಇಳಿಜಾರು:
'ನಮ್ಮ ಟೀಚರ್ ಪ್ರಿಂಟರಿನ ಹಾಳಿ.'

ಸುಳ್ಳು ಅನ್ನಲಿಕ್ಕ ಬಾಯಿ ಬರಲಿಲ್ಲ.
ಆ ಮೂರೂ ರಾತ್ರಿ ನಮ್ಮ ಮನಿ ರೊಟ್ಟಿ
ಒಂದೇ ಮಗ್ಗುಲ ಹೊತ್ತಿದ್ದವು.